ವಾರ್ಡಿನ ಮೊದಲ ರಾತ್ರಿಗೆ ಒಂದು ಕನ್ನಡ ಹಾಳೆ

ದೆಹಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದಿನ ಕನ್ನಡ ಬಂಧುಗಳಲ್ಲಿ ಒಂದು ಕೋರಿಕೆ.

ಮನೋರೋಗ ಆಸ್ಪತ್ರೆಗೆ ಹೊಸದಾಗಿ ದಾಖಲಾದವರನ್ನು ಆ ರಾತ್ರಿ ಕಾಡುವ ಪ್ರಶ್ನೆಗಳು ತೀರಾ ಸಣ್ಣವು. ಫೋನು ಎಲ್ಲಿಟ್ಟರು? ನಾಳೆ ಮಗ ಬರಬಹುದಾ? ಈ ಮಾತ್ರೆ ಯಾತಕ್ಕೆ, ಬಾಯಿ ಯಾಕೆ ಹೀಗೆ ಒಣಗುತ್ತಿದೆ? ಎಷ್ಟು ದಿನ ಇಲ್ಲಿರಬೇಕು? ಸಿಬ್ಬಂದಿ ಹಿಂದಿಯಲ್ಲಿ ಹೇಳಿಯೇ ಇರುತ್ತಾರೆ. ಮಗನ ಮನೆಗೆಂದು ಹಾವೇರಿಯಿಂದ ಬಂದ ತಾಯಿಗೆ ಅದು ತಲುಪುವುದಿಲ್ಲ. ಉತ್ತರ ಸಿಗದಿದ್ದರೆ ಭಯ ಹೆಚ್ಚುತ್ತದೆ; ಆ ಭಯವನ್ನೂ ನೋಡಿದವರು ಕಾಯಿಲೆ ಅಂದುಕೊಳ್ಳುತ್ತಾರೆ.

ದೆಹಲಿಯಲ್ಲಿ ಇಂಥವರು ದಾಖಲಾಗುವ ಆಸ್ಪತ್ರೆಗಳಲ್ಲಿ ಒಂದಾದ ದಿಲ್ಶಾದ್ ಗಾರ್ಡನ್ನಿನ ಇಹಬಾಸ್ 1966ರಲ್ಲಿ ಶಹದರಾದ ಮನೋರೋಗ ಆಸ್ಪತ್ರೆಯಾಗಿ ಶುರುವಾದದ್ದು. ಸುಪ್ರೀಂ ಕೋರ್ಟಿನ ನಿರ್ದೇಶನದಿಂದ 1993ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಈಗ ಕಾನೂನೂ ರೋಗಿಯ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಂ ಪ್ರಕಾರ ಯಾವ ನಿಯಮದಡಿ ದಾಖಲಾಗಿದೆ, ಕಾಯಿಲೆ ಯಾವುದು, ಚಿಕಿತ್ಸೆ ಏನು, ಅಡ್ಡಪರಿಣಾಮ ಏನು, ದಾಖಲಾತಿಯನ್ನು ಮರುಪರಿಶೀಲಿಸಲು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು ಎಂಬುದನ್ನೆಲ್ಲ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು. ಸ್ವಂತ ಬಟ್ಟೆ ಉಡುವ ಹಕ್ಕೂ ಅವರಿಗಿದೆ.

ಇದನ್ನೆಲ್ಲ ತಿಳಿಸುವ ಒಂದು ಹಾಳೆಯನ್ನು ನಾವು ಕನ್ನಡದಲ್ಲಿ ಬರೆದುಕೊಡೋಣ. ನಮ್ಮಲ್ಲಿ ವೈದ್ಯರಿದ್ದಾರೆ, ನರ್ಸ್‌ಗಳಿದ್ದಾರೆ, ವಕೀಲರಿದ್ದಾರೆ. ಅವರಿಗಿಂತ ಮುಖ್ಯವಾಗಿ, ಒಮ್ಮೆ ದಾಖಲಾಗಿ ಗುಣವಾಗಿ ಮನೆಗೆ ಬಂದವರಿದ್ದಾರೆ. ಮೊದಲ ದಿನ ಏನು ಗೊತ್ತಿದ್ದರೆ ಚೆನ್ನಾಗಿತ್ತು ಎಂದು ಅವರು ಹೇಳಲಿ, ಉಳಿದವರು ಬರೆದುಕೊಳ್ಳಲಿ. ಊಟದ ಹೊತ್ತು, ಭೇಟಿಯ ಹೊತ್ತು, ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಜಾಗ ಖಾಲಿ ಬಿಟ್ಟರೆ ಆಯಾ ಆಸ್ಪತ್ರೆಯವರು ತುಂಬಿಕೊಳ್ಳುತ್ತಾರೆ. ಅಕ್ಷರ ದೊಡ್ಡದಿರಲಿ, ಮಾತು ಮನೆಯದಿರಲಿ. ಓದು ಬಾರದವರಿಗಾಗಿ ಅದನ್ನೇ ಓದಿ ಧ್ವನಿಮುದ್ರಿಸಿಡೋಣ. ಕೂರಲು ಆರ್.ಕೆ. ಪುರದಲ್ಲಿ ದೆಹಲಿ ಕರ್ನಾಟಕ ಸಂಘ ಇದೆ; ಸಂಘದವರನ್ನು ಕೇಳೋಣ.

ಹಾಳೆಯಿಂದಲೇ ಎಲ್ಲ ಆಗದು, ಮಾತಾಡುವವರೂ ಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಕರೆದಾಗ ಫೋನಿನಲ್ಲೇ ದುಭಾಷಿಯಾಗಲು ಕೆಲವರು ಹೆಸರು ಕೊಡಿ. ಇಲ್ಲಿ ನನ್ನದೊಂದು ಕಟ್ಟುನಿಟ್ಟಿನ ಮಾತಿದೆ. ದೆಹಲಿಯ ಕನ್ನಡ ಲೋಕ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಯಾರು ದಾಖಲಾದರು ಎಂಬ ಸುದ್ದಿ ಯುಗಾದಿ ಊಟದ ಪಂಕ್ತಿಗೆ ಬಂದರೆ ಆ ಮನೆಯವರು ಇನ್ನೆಂದೂ ಸಹಾಯ ಕೇಳುವುದಿಲ್ಲ. ಕೇಳಿದ್ದನ್ನು ಹೆಂಡತಿಗೂ ಗಂಡನಿಗೂ ಹೇಳದೆ ಇರಬಲ್ಲವರು ಮಾತ್ರ ಮುಂದೆ ಬನ್ನಿ.

ಹಾಳೆಯ ಕೊನೆಗೆ ಒಂದು ನಂಬರು ಹಾಕೋಣ: 14416. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿ ಉಚಿತ. ಅಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ಬಿಡುಗಡೆಯಾಗಿ ಬಂದವರ ಮನೆಗೂ ಈ ನಂಬರು ಬೇಕಾಗುತ್ತದೆ.