ಗೆದ್ದವರ ಹೆಸರೇನು ಗುರು?

2021ರ ನವೆಂಬರ್ 25, ಗುರುವಾರ. ಮಧ್ಯರಾತ್ರಿ ದಾಟಿತ್ತು. ನಿದ್ದೆ ಬರದೆ ಫೋನ್ ಹಿಡಿದು ಬಿದ್ದುಕೊಂಡಿದ್ದೆ. ಆರು ತಿಂಗಳು ಕೂತು ನಾನು ಮಾಡಿದ ಕೆಲಸವನ್ನು ಅವತ್ತು ಆಫೀಸಿನಲ್ಲಿ ಬೇರೆಯವರು ಪ್ರೆಸೆಂಟ್ ಮಾಡಿದ್ರು. ಸ್ಲೈಡಿನಲ್ಲಿ ನನ್ನ ಹೆಸರೇ ಇರಲಿಲ್ಲ. ಹೊಟ್ಟೆ ಉರಿಯದೆ ಇರುತ್ತಾ?

ಅಷ್ಟರಲ್ಲಿ ನಮ್ಮ ವಾಟ್ಸ್ಆ್ಯಪ್ ಗ್ರೂಪಲ್ಲಿ ಮೆಸೇಜುಗಳ ಮಳೆ. 'ಮಗಾ, ಟಾಟನ್‌ಹ್ಯಾಮ್ ಸೋತೋಯ್ತು!' ಎದುರಾಳಿ ಯಾರು ಅಂದ್ರೆ ಸ್ಲೊವೇನಿಯಾದ ಮುರಾ. ಸುಮಾರು 21 ಲಕ್ಷ ಜನರ ಪುಟ್ಟ ದೇಶ. ಅದರೊಳಗೆ ಮುರ್ಸ್ಕಾ ಸೊಬೊತಾ ಅನ್ನೋ ಸಣ್ಣ ಊರಿನ ಕ್ಲಬ್. ಎರಡು ತಿಂಗಳ ಹಿಂದೆ ಲಂಡನ್ನಿನಲ್ಲಿ ಇದೇ ಟಾಟನ್‌ಹ್ಯಾಮ್ ಕೈಲಿ 5-1ರಿಂದ ಚಚ್ಚಿಸಿಕೊಂಡು ಬಂದಿತ್ತು. ಈಗ ಹ್ಯಾರಿ ಕೇನ್ ಗೋಲು ಹೊಡೆದು ಸಮ ಮಾಡಿದ ಮೇಲೂ, ಹೆಚ್ಚುವರಿ ಸಮಯದಲ್ಲಿ ಅಮಾದೇಯ್ ಮರೋಶಾ ಇನ್ನೊಂದು ಗೋಲು ಹೊಡೆದು 2-1 ಮಾಡಿಬಿಟ್ಟಿದ್ದ.

ಬೆಳಗ್ಗೆ ತನಕ ಮೀಮ್‌ಗಳು. ಎಲ್ಲವೂ ಟಾಟನ್‌ಹ್ಯಾಮ್ ಮೇಲೆ, ಅದರ ಹೊಸ ಕೋಚ್ ಕಾಂತೆ ಮೇಲೆ. ಸೋತವರನ್ನು ನೋಡಿ ನಗೋಕೆ ಎಲ್ಲರಿಗೂ ಪುರುಸೊತ್ತಿತ್ತು. ಗೆಲ್ಲಿಸಿದ ಕೋಚ್ ಯಾರು ಅಂತ ನಮ್ಮ ಗ್ರೂಪಲ್ಲಿ ಒಬ್ಬರೂ ಕೇಳಲಿಲ್ಲ. ಸಂಜೆಯ ಉರಿ ಇನ್ನೂ ಆರಿರಲಿಲ್ಲ ಅಂತಲೋ ಏನೋ, ನಾನು ಹುಡುಕಿದೆ.

ಆಂತೆ ಶಿಮುಂಜಾ. ಮಾರಿಬೋರ್ ಊರಿನವರು, ಅಲ್ಲಿನ ತಂಡದಲ್ಲೇ ಸ್ಟ್ರೈಕರ್ ಆಗಿದ್ದವರು. 2014ರಲ್ಲಿ ಅದೇ ತಂಡದ ಕೋಚ್ ಆಗಿ, ಗ್ಲಾಸ್ಗೋದಲ್ಲಿ ಸೆಲ್ಟಿಕ್ ತಂಡವನ್ನು ಸೋಲಿಸಿ ಚಾಂಪಿಯನ್ಸ್ ಲೀಗ್ ಗುಂಪು ಹಂತಕ್ಕೆ ಕರೆದೊಯ್ದರು. ಅಲ್ಲಿ ತವರಿನಲ್ಲಿ ಚೆಲ್ಸಿ ಜೊತೆ 1-1 ಡ್ರಾ. ಆಮೇಲೆ ಮುರಾಗೆ ಬಂದು 2021ರ ಮೇ ತಿಂಗಳಲ್ಲಿ ಲೀಗ್ ಗೆಲ್ಲಿಸಿದರು. ಕಡೇ ಪಂದ್ಯದಲ್ಲಿ ಸೋಲಿಸಿದ್ದು ಯಾರನ್ನು ಗೊತ್ತಾ? ತಮ್ಮದೇ ಹಳೇ ಮಾರಿಬೋರ್ ತಂಡವನ್ನು, ಅವರದೇ ಮೈದಾನದಲ್ಲಿ!

ಇಷ್ಟೆಲ್ಲ ಮಾಡಿದವರು ನಮ್ಮಂಥವರ ಫೋನಿಗೆ ಬಂದಿದ್ದು ಒಂದು ರಾತ್ರಿ ಮಾತ್ರ, ಅದೂ ಇನ್ನೊಬ್ಬರ ಸೋಲಿನ ಬಾಲ ಹಿಡಿದು. ಆ ಗುಂಪಿನಲ್ಲಿ ಮುರಾ ಗೆದ್ದಿದ್ದೂ ಅದೊಂದೇ ಪಂದ್ಯ. ಮೀಮ್‌ಗಳು ವಾರದಲ್ಲಿ ಹಳಸಿದವು. ಶಿಮುಂಜಾ ಮಾತ್ರ ಬಲ್ಗೇರಿಯಾದ ಲುಡೊಗೊರೆತ್ಸ್‌ಗೆ ಹೋದರು, ಮತ್ತೆ ಮಾರಿಬೋರ್‌ಗೆ ಬಂದರು, ಆಮೇಲೆ ಪೋಲೆಂಡಿಗೂ ಹೊರಟರು. ಕೆಲಸ ನಡೀತಾನೇ ಇತ್ತು.

'ನೋಡು, ಟ್ರೆಂಡ್ ಆಗದಿದ್ರೂ ಕೆಲಸ ಮಾಡ್ತಿರಬೇಕು' ಅಂತ ಉಪದೇಶ ಮಾಡೋಕೆ ನಾನು ಬಂದಿಲ್ಲ. ಹೆಸರು ಬಿಟ್ಟುಹೋದ್ರೆ ನೋವಾಗುತ್ತೆ, ಅಷ್ಟೇ.

ಆದ್ರೆ ಮೊನ್ನೆ ಒಂದು ಸ್ಲೈಡ್ ರೆಡಿ ಮಾಡಿ ಕಳಿಸೋ ಮುಂಚೆ ಕೈ ನಿಂತಿತು. ಟೆಸ್ಟಿಂಗ್ ಪೂರ್ತಿ ಮಾಡಿದ್ದು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ. ಅವಳ ಹೆಸರು ಎಲ್ಲೂ ಇರಲಿಲ್ಲ. ಆ ಸ್ಲೈಡ್ ಮಾಡಿದ್ದು ನಾನೇ.

ಹೆಸರು ಸೇರಿಸಿ ಕಳಿಸಿದೆ. ನಿಮ್ಮ ಡ್ರಾಫ್ಟ್ ಫೋಲ್ಡರಿನಲ್ಲೂ ಒಂದು ಸ್ಲೈಡ್ ಇರಬಹುದು, ಒಮ್ಮೆ ತೆರೆದು ನೋಡಿ.