ಊಟದ ನಂತರದ ವಿನೋದ: ಸೋಮವಾರಕ್ಕೆ ಆ ಸ್ಥಾನವೇಕೆ?



ಆದಿತ್ಯವಾರದ ಮರುದಿನ ಸೋಮವಾರವೇ ಏಕೆ ಬರಬೇಕು, ಬುಧವಾರವೇಕೆ ಬರಕೂಡದು? ಒಂಬತ್ತು ವರ್ಷದ ನನ್ನ ಮೊಮ್ಮಗಳು ಕಳೆದ ತಿಂಗಳು ಎಲೆಯ ಮುಂದೆ ಕುಳಿತು ಈ ಪ್ರಶ್ನೆಯನ್ನೆತ್ತಿದಳು. “ಅದು ಇರುವುದೇ ಹಾಗೆ, ಸುಮ್ಮನೆ ಉಣ್ಣು” ಎಂದು ಅವಳ ಅಜ್ಜಿ ಗದರಿದಳು. ಆದರೆ ಮೂವತ್ತೈದು ವರ್ಷ ಉಪಾಧ್ಯಾಯನಾಗಿದ್ದವನ ಕಿವಿಗೆ ಇಂಥ ಮಾತು ಬಿದ್ದ ಮೇಲೆ ಸಾರು ಆರಿದರೆ ಚಿಂತೆಯುಂಟೆ?

ಇದರ ಲೆಕ್ಕ ಬಹು ಸೊಗಸಾದುದು; ಮನೆಯ ಮಕ್ಕಳಿಂದ ಬೆರಳೆಣಿಸಿ ಮಾಡಿಸಬಹುದು. ಪೂರ್ವಿಕರು ಗ್ರಹಗಳನ್ನು ಅವುಗಳ ನಡಿಗೆಯನ್ನನುಸರಿಸಿ ಸಾಲಾಗಿ ನಿಲ್ಲಿಸಿದ್ದರು. ಆಕಾಶವನ್ನು ಒಮ್ಮೆ ಸುತ್ತಲು ಸುಮಾರು 30 ವರ್ಷ ತೆಗೆದುಕೊಳ್ಳುವ ಶನಿಯು ಮೊದಲು. 12 ವರ್ಷದ ಗುರುವು ಆಮೇಲೆ. ಅನಂತರ ಕುಜ, ರವಿ, ಶುಕ್ರ, ಬುಧರು. ಇಪ್ಪತ್ತೇಳು ದಿನಗಳಲ್ಲಿಯೇ ಸುತ್ತಿ ಬರುವ ಚಂದ್ರನು ಕಡೆಯವನು. ಅಹೋರಾತ್ರದ 24 ಹೋರೆಗಳಿಗೆ ಈ ಏಳು ಮಂದಿಯೂ ಇದೇ ಕ್ರಮದಲ್ಲಿ ಸರದಿಯಂತೆ ಒಡೆಯರು. ದಿನದ ಮೊದಲನೆಯ ಹೋರೆಗೆ ಯಾರು ಒಡೆಯನೋ ಇಡೀ ದಿನವೂ ಅವನ ಹೆಸರಿನದು. ಇಪ್ಪತ್ತನಾಲ್ಕರಲ್ಲಿ ಮೂರು ಸಲ ಏಳನ್ನು ಕಳೆದರೆ ಮೂರು ಉಳಿಯುತ್ತದಷ್ಟೆ. ಆದುದರಿಂದ ಮರುದಿನದ ಮೊದಲ ಹೋರೆಯು ಮೂರು ಮನೆ ಮುಂದಿನವನಿಗೆ ಸಲ್ಲುತ್ತದೆ. ರವಿಯಿಂದ ಮುಂದಕ್ಕೆ ಶುಕ್ರ, ಬುಧ, ಚಂದ್ರ: ಸೋಮವಾರವಾಯಿತು! ಚಂದ್ರನಿಂದ ಮತ್ತೆ ಮೊದಲಿಗೆ ಬಂದು ಶನಿ, ಗುರು, ಕುಜ: ಮಂಗಳವಾರವಾಯಿತು. ಉಳಿದುದನ್ನು ತಾವೇ ಎಣಿಸಿ ನೋಡಬಹುದು. 499ರಲ್ಲಿ ರಚಿತವಾದ ಆರ್ಯಭಟೀಯದಲ್ಲಿ ಈ ಸೂತ್ರವು ಅರ್ಧ ಶ್ಲೋಕದಲ್ಲಿ ಅಡಗಿದೆ.

ನಾನು ಇಷ್ಟಕ್ಕೇ ನಿಲ್ಲಿಸಿದ್ದರೆ ಈ ತಿಂಗಳು ಬರೆಯಲು ಬೇರೆ ವಿಷಯವನ್ನು ಹುಡುಕಬೇಕಾಗುತ್ತಿತ್ತು. ಉತ್ಸಾಹದ ಭರದಲ್ಲಿ, ‘ಅಹೋರಾತ್ರ’ವೆಂಬ ಪದದ ಮೊದಲ ಮತ್ತು ಕಡೆಯ ಅಕ್ಷರಗಳು ಲೋಪವಾಗಿ ‘ಹೋರಾ’ ಆಯಿತೆಂದೂ, ಅದೇ ಸಮುದ್ರವನ್ನು ದಾಟಿ ಇಂಗ್ಲಿಷಿನ ‘ಅವರ್’ ಆಯಿತೆಂದೂ ಸೇರಿಸಿಬಿಟ್ಟೆ. ಹುಡುಗಿ ಮರುದಿನ ಅದನ್ನೇ ತರಗತಿಯಲ್ಲಿ ಹೇಳಿ ಶಭಾಸ್ ಎನ್ನಿಸಿಕೊಂಡು ಬಂದಳು.

ಹದಿನೈದು ದಿನಗಳಾದ ಮೇಲೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಈಗ ಅವನೂ ಅಧ್ಯಾಪಕ. ಮೊಮ್ಮಗಳು ಅವನೆದುರಿಗೂ ಈ ಪಾಠವನ್ನೊಪ್ಪಿಸಿದಳು. ಅವನು ಸ್ವಲ್ಪ ಹೊತ್ತು ಕಾಫಿಯ ಲೋಟವನ್ನೇ ನೋಡುತ್ತಿದ್ದು, “ಮೇಷ್ಟ್ರೇ, ಅಪರಾಧವೆಂದೆಣಿಸಬಾರದು. ಇದನ್ನು ತಾವು ನಮಗೂ ಹೇಳಿಕೊಟ್ಟಿದ್ದಿರಿ. ನಾನು ಹತ್ತು ಕಡೆ ಹೇಳಿ, ಹನ್ನೊಂದನೆಯ ಕಡೆಯಲ್ಲಿ ನಗೆಗೀಡಾದೆ” ಎಂದ.

ಅವನು ಹೋದೊಡನೆ ವರಾಹಮಿಹಿರನ ಬೃಹಜ್ಜಾತಕವನ್ನು ತೆಗೆದು ನೋಡಿದೆನು. ಅಕ್ಷರಲೋಪದ ಮಾತು ಅಲ್ಲಿ ಇದೆ, ನಿಜ. ಆದರೆ ಆಚಾರ್ಯನು ಅದನ್ನು ‘ಕೆಲವರ’ ಅಭಿಪ್ರಾಯವೆಂದು ಹೇಳಿದ್ದಾನೆ. ಆ ‘ಕೆಲವರು’ ಎಂಬ ಪದವನ್ನು ನಾನು ಮೂವತ್ತೈದು ವರ್ಷಗಳ ಕಾಲ ನುಂಗಿಕೊಂಡು ಬಂದಿದ್ದೆ! ‘ಹೋರಾ’ ಎಂಬುದು ಯವನರ, ಎಂದರೆ ಗ್ರೀಕರ, ಮಾತು. ಅವರಿಂದ ಲ್ಯಾಟಿನ್ನಿಗೂ, ಅಲ್ಲಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೂ ಹೋಯಿತು. ಇತ್ತ ನಮ್ಮ ಜ್ಯೋತಿಷಕ್ಕೂ ಬಂತು. ಗ್ರಹಗಳ ಹೆಸರಿನ ವಾರಗಳೂ ಅದೇ ದಾರಿಯಲ್ಲಿ ಬಂದವು. ಋಗ್ವೇದ ಯಜುರ್ವೇದಗಳಿಗೆ ಸೇರಿದ ವೇದಾಂಗಜ್ಯೋತಿಷದಲ್ಲಿ ತಿಥಿಯುಂಟು, ನಕ್ಷತ್ರವುಂಟು, ವಾರವಿಲ್ಲ. ಮಧ್ಯಪ್ರದೇಶದ ಏರಣದಲ್ಲಿ ಬುಧಗುಪ್ತನ ಕಾಲದ ಕಂಬವೊಂದಿದೆ. 484ನೆಯ ಇಸವಿಯ ಅದರ ಶಾಸನದಲ್ಲಿ ತಿಥಿಯ ಜೊತೆಗೆ ಗುರುವಾರವೂ ಬರೆದಿದೆ.

ತಪ್ಪು ಒಪ್ಪಿಕೊಳ್ಳುವುದು ಹಿರಿಯರೆದುರಿಗಿಂತ ಮಕ್ಕಳೆದುರಿಗೆ ಕಷ್ಟ. ಆದರೂ ಆ ರಾತ್ರಿ ಹುಡುಗಿಯನ್ನು ಕರೆದು ಎಲ್ಲವನ್ನೂ ತಿಳಿಸಿದೆನು. ಅವಳ ಮುಖ ಬಾಡಿತು. “ಹಾಗಾದರೆ ಅವರೆಲ್ಲ ನಮ್ಮಿಂದ ಏನನ್ನೂ ತೆಗೆದುಕೊಂಡಿಲ್ಲವೆ, ತಾತ?” ಎಂದಳು.

ಈ ಸಲ ಪುಸ್ತಕಗಳನ್ನು ನೋಡಿಕೊಂಡೇ ಉತ್ತರ ಕೊಟ್ಟೆನು. ವೃತ್ತದೊಳಗೆ ಎಳೆದ ಗೆರೆಯನ್ನು ನಮ್ಮ ಗಣಿತಜ್ಞರು ಬಿಲ್ಲಿನ ಹೆದೆಗೆ ಹೋಲಿಸಿ ‘ಜ್ಯಾ’ ಎಂದರು, ‘ಜೀವಾ’ ಎಂದೂ ಕರೆದರು. ಗೆರೆಯ ಅರ್ಧಕ್ಕೂ ಅದೇ ಹೆಸರು ನಿಂತಿತು. ಅರಬರು ಆ ವಿದ್ಯೆಯೊಡನೆ ಹೆಸರನ್ನೂ ‘ಜೀಬ’ ಎಂದು ಕೊಂಡೊಯ್ದರು. ಅವರ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆದುದರಿಂದ ಅದನ್ನು ‘ಜೈಬ್’ ಎಂದೂ ಓದಬಹುದು. ಹಾಗೆಂದರೆ ಉಡುಪಿನ ಎದೆಯ ಭಾಗದ ಮಡಿಕೆ. 12ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಅದೇ ಅರ್ಥವನ್ನು ಹಿಡಿದು ‘ಸೈನಸ್’ ಎಂದು ಬರೆದರು. ಪ್ರೌಢಶಾಲೆಯ ಮಕ್ಕಳನ್ನು ಇಂದಿಗೂ ಕಾಡುವ ‘ಸೈನ್’ ಅದೇ. ಆರ್ಯಭಟನ ಬಿಲ್ಲಿನ ಹೆದೆಯು ಹೀಗೆ ಬಟ್ಟೆಯ ಮಡಿಕೆಯಾಯಿತು!

ಮತ್ತೊಂದು ತಮಾಷೆ. ಆ ಅರಬರ ‘ಜೈಬ್’ ಎಂಬ ಮಾತೇ ಪಾರಸಿ ಹಿಂದೂಸ್ಥಾನಿಗಳ ಮೂಲಕ ನಮ್ಮ ಕನ್ನಡಕ್ಕೂ ಬಂದು ‘ಜೇಬು’ ಆಗಿದೆ.

ಹುಡುಗಿ ತನ್ನ ಲಂಗದ ಜೇಬಿಗೆ ಕೈಹಾಕಿ ನೋಡಿಕೊಂಡಳು. ಅದರಲ್ಲಿ ಅರ್ಧ ಕಚ್ಚಿದ ಪೆಪ್ಪರಮೆಂಟು ಇತ್ತು. ಅದನ್ನು ಬಾಯಿಗೆ ಹಾಕಿಕೊಂಡು, “ಇದು ನಿಜ ತಾನೆ, ತಾತ? ನಾಳೆ ತರಗತಿಯಲ್ಲಿ ಹೇಳಲೆ?” ಎಂದು ಕೇಳಿದಳು. ಹೇಳು, ಆದರೆ ಮೊದಲು ಹೋರೆಯ ವಿಷಯದಲ್ಲಿ ನಮ್ಮ ತಾತ ತಪ್ಪಿದ್ದರೆಂದು ಹೇಳಿ ಆಮೇಲೆ ಇದನ್ನು ಹೇಳು, ಎಂದೆನು.