ಜರ್ಕಾವಿ ಸತ್ತ ಮೇಲೂ ಆರದ ಬೆಂಕಿ

2006ರ ಜೂನ್ 8ರಂದು ಬಾಗ್ದಾದಿನ ಪತ್ರಿಕಾಗೋಷ್ಠಿಯಲ್ಲಿ ಅಮೆರಿಕದ ಸೇನೆ ಒಂದು ಫೋಟೋ ತೋರಿಸಿತು. ಚೌಕಟ್ಟು ಹಾಕಿಸಿದ ದೊಡ್ಡ ಚಿತ್ರ. ಅದರೊಳಗೆ ಕಣ್ಣು ಮುಚ್ಚಿದ, ಊದಿಕೊಂಡ ಮುಖ. ಹಿಂದಿನ ದಿನ ಬಾಕುಬಾ ಸಮೀಪದ ಹಿಬ್‌ಹಿಬ್‌ನಲ್ಲಿ ಎಫ್-16 ವಿಮಾನ ಎರಡು ಬಾಂಬ್ ಹಾಕಿ ಇರಾಕಿನ ಅಲ್-ಕೈದಾ ನಾಯಕ ಅಬು ಮುಸಾಬ್ ಅಲ್-ಜರ್ಕಾವಿಯನ್ನು ಕೊಂದಿತ್ತು. ಪ್ರಧಾನಿ ನೂರಿ ಅಲ್-ಮಲಿಕಿ ಸುದ್ದಿ ಹೇಳಿದಾಗ ಇರಾಕಿ ಪತ್ರಕರ್ತರು ಚಪ್ಪಾಳೆ ತಟ್ಟಿದರು. ತಟ್ಟದೆ ಇನ್ನೇನು? ಶಿಯಾಗಳ ಸಂತೆ, ಮಸೀದಿಗಳನ್ನೂ ಬಿಡದೆ ರಕ್ತ ಹರಿಸಿದ್ದವನು ಅವನು.

ಕೊಲೆಗಳು ಮಾತ್ರ ನಿಲ್ಲಲಿಲ್ಲ. ಜುಲೈ ಒಂದೇ ತಿಂಗಳಲ್ಲಿ ಮೂರೂವರೆ ಸಾವಿರ ನಾಗರಿಕರು ಸತ್ತರೆಂದು ವಿಶ್ವಸಂಸ್ಥೆ ಲೆಕ್ಕ ಕೊಟ್ಟಿತು. ಇಡೀ ವರ್ಷದ ಸಾವು 34 ಸಾವಿರ ದಾಟಿತು.

ಶಿಯಾಗಳನ್ನು ಕೆಣಕಬೇಕು, ಅವರು ಸೇಡಿಗೆ ಇಳಿಯಬೇಕು, ಹೆದರಿದ ಸುನ್ನಿಗಳು ತನ್ನ ಆಸರೆಗೆ ಬರಬೇಕು: ಇದು ಜರ್ಕಾವಿಯ ಲೆಕ್ಕಾಚಾರ. 2004ರಲ್ಲಿ ಸಿಕ್ಕಿಬಿದ್ದ ಅವನ ಪತ್ರದಲ್ಲೇ ಅದು ಸ್ಪಷ್ಟವಾಗಿತ್ತು. 2006ರ ಫೆಬ್ರುವರಿಯಲ್ಲಿ ಸಮಾರಾದಲ್ಲಿ ಶಿಯಾಗಳಿಗೆ ಪವಿತ್ರವಾದ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟ ಸಿಡಿದು ಬಿದ್ದಾಗ ಆ ಲೆಕ್ಕ ಕೈಗೂಡಿತು. ಶಿಯಾ ಸೇನೆಗಳು ಬೀದಿಗಿಳಿದವು. ಬಾಗ್ದಾದಿನ ತಪಾಸಣೆ ಗೇಟುಗಳಲ್ಲಿ ಗುರುತಿನ ಚೀಟಿ ಜೀವ ತೆಗೆಯತೊಡಗಿತು. ಚೀಟಿಯಲ್ಲಿ ಉಮರ್ ಎಂಬ ಹೆಸರಿದ್ದರೆ ಸಾಕು, ಅವನು ಸುನ್ನಿ. ಎಷ್ಟೋ ಜನ ಎರಡೆರಡು ಚೀಟಿ ಇಟ್ಟುಕೊಂಡು ಓಡಾಡಿದರು. ಯಾವ ಬಡಾವಣೆಯಲ್ಲಿ ಯಾವುದನ್ನು ತೆಗೆಯಬೇಕೆಂಬುದು ಪ್ರಾಣದ ಪ್ರಶ್ನೆ. ಇಂಥ ಕೊಲೆಗೆ ಜರ್ಕಾವಿಯ ಅಪ್ಪಣೆ ಬೇಕಿರಲಿಲ್ಲ. ಸತ್ತವನ ಅಣ್ಣನೋ ಮಗನೋ ಬಂದೂಕು ಹಿಡಿಯುತ್ತಿದ್ದ.

ನಾಯಕ ಹೋದರೆ ಹಿಂಸೆ ಇಳಿದದ್ದೂ ಉಂಟು. ಪೆರುವಿನಲ್ಲಿ 1992ರಲ್ಲಿ ನಾಯಕ ಗುಸ್ಮಾನ್ ಸೆರೆಸಿಕ್ಕಾಗ ಬಂಡುಕೋರ ಸಂಘಟನೆ ‘ಶೈನಿಂಗ್ ಪಾತ್’ ಕುಸಿಯಿತು. ಆದರೆ ಆ ಸಂಘಟನೆ ನಿಂತಿದ್ದೇ ಅವನೊಬ್ಬನ ಮೇಲೆ. ಇರಾಕಿನ ಹಗೆ ನೆರೆಮನೆಗಳ ನಡುವೆ ಹಬ್ಬಿತ್ತು.

ಅಲ್ಲಿ ಹಿಂಸೆ ಇಳಿದದ್ದು ಬೇರೆ ದಾರಿಯಿಂದ. 2006ರ ಸೆಪ್ಟೆಂಬರ್‌ನಲ್ಲಿ ರಮಾದಿಯ ಸುನ್ನಿ ಶೇಖ್ ಅಬ್ದುಲ್ ಸತ್ತಾರ್ ಅಬು ರೀಶಾ ಅಲ್-ಕೈದಾ ವಿರುದ್ಧವೇ ಬುಡಕಟ್ಟುಗಳನ್ನು ಒಗ್ಗೂಡಿಸಿದ. ಆ ಉಗ್ರರು ಅವನ ತಂದೆಯನ್ನೂ ಸೋದರರನ್ನೂ ಕೊಂದಿದ್ದರು. ಅಮೆರಿಕ ಹಣ ಕೊಟ್ಟಿತು, ಹೆಚ್ಚುವರಿ ಪಡೆ ತಂದಿತು. ಮರುವರ್ಷ ಅಬು ರೀಶಾನೂ ಬಾಂಬಿಗೆ ಬಲಿಯಾದ. ಸೋದರ ಅಹ್ಮದ್ ಮುಂದಾಳಾದ, ಚಳವಳಿ ಉಳಿಯಿತು. ಹಗೆಯಂತೆ ಶಾಂತಿಯೂ ಊರಿನೊಳಗೆ ಬೇರು ಬಿಟ್ಟಿದ್ದರೆ ಒಬ್ಬನ ಸಾವಿಗೆ ಅಲುಗದು.

ಈ ಚಳವಳಿಗೆ ಸೇರಿದ್ದ, ಸುಮಾರು ಒಂದು ಲಕ್ಷದಷ್ಟಿದ್ದ ಸುನ್ನಿ ಕಾವಲುಗಾರರಲ್ಲಿ ಐದನೇ ಒಂದು ಭಾಗಕ್ಕೆ ಪೊಲೀಸ್, ಸೇನೆಯಲ್ಲಿ ಕೆಲಸ ಕೊಡುವ ಮಾತಾಗಿತ್ತು. ಮಲಿಕಿ ಸರ್ಕಾರ ಅದನ್ನು ಎಳೆದಾಡಿತು. ಸುನ್ನಿಗಳ ಅಸಮಾಧಾನ ಮತ್ತೆ ಹೆಪ್ಪುಗಟ್ಟಿತು. ಹಿಬ್‌ಹಿಬ್‌ನ ಬಾಂಬಿಗೆ ಎಂಟು ವರ್ಷ ತುಂಬಿದ ಮೂರನೇ ದಿನ, 2014ರ ಜೂನ್ 10ರಂದು, ಜರ್ಕಾವಿಯ ಸಂಘಟನೆಯ ವಾರಸುದಾರರು ಮೊಸುಲ್ ನಗರವನ್ನು ವಶಪಡಿಸಿಕೊಂಡರು.